ನೀರ್ ಸಾಬ್ ಬಿಟ್ಟುಕೊಟ್ಟ ಅಧಿಕಾರ

ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ವಯಸ್ಸಾದವರ ಜೊತೆ ಜಗಲಿ ಮೇಲೆ ಕೂತು ಹಳೆಯ ಮಂತ್ರಿಗಳ ಮಾತು ತೆಗೆದರೆ ಒಂದು ಹೆಸರು ಬೇಗ ಬರುತ್ತದೆ. ನೀರ್ ಸಾಬ್. ಪೂರ್ತಿ ಹೆಸರು ಅಬ್ದುಲ್ ನಜೀರ್ ಸಾಬ್, ಊರು ಗುಂಡ್ಲುಪೇಟೆ. ಊರ ಮುಂದಿನ ಬೋರಿಂಗು ಇಂಥವರ ಕಾಲದಲ್ಲಿ ಬಂತು ಎಂದು ಮಂತ್ರಿಯ ಹೆಸರು ಹಿಡಿದು ಹೇಳುವುದು ನಮ್ಮಲ್ಲಿ ಅಪರೂಪ. ಆದರೆ ಈ ಅಡ್ಡಹೆಸರು ಅವರಿಗೆ ಒಂದು ಸಣ್ಣ ಅನ್ಯಾಯವನ್ನೂ ಮಾಡಿದೆ ಎಂದು ನಮಗನ್ನಿಸುತ್ತದೆ. ಅವರು ಮಾಡಿದ ಎರಡು ಕೆಲಸಗಳಲ್ಲಿ ಚಿಕ್ಕದು ಜನರ ನೆನಪಿನಲ್ಲಿ ಉಳಿಯಿತು, ದೊಡ್ಡದು ಕಾನೂನು ಪುಸ್ತಕದೊಳಗೆ ಸೇರಿಹೋಯಿತು.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂತು. ರಾಜ್ಯ ಕಂಡ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ಅದರಲ್ಲಿ ನಜೀರ್ ಸಾಬರಿಗೆ ಸಿಕ್ಕಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಹಣಕಾಸು, ಕಂದಾಯ, ಲೋಕೋಪಯೋಗಿಯಂಥ ಖಾತೆಗಳಿಗೆ ಬೀಳುವಷ್ಟು ಕಣ್ಣು ಆಗ ಅದರ ಮೇಲೆ ಬೀಳುತ್ತಿರಲಿಲ್ಲ. ಆ ದಶಕದ ನಡುವೆ ಮಳೆ ಮೇಲಿಂದ ಮೇಲೆ ಕೈಕೊಟ್ಟಿತು. ಕೆರೆ ಒಣಗಿ, ಸೇದುವ ಬಾವಿಯ ತಳ ಕಂಡು, ಹೆಂಗಸರು ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಕಾಲ. ಊರೂರಿಗೆ ಬೋರ್‌ವೆಲ್ ಲಾರಿ ಹೋಗಿ ಕೊಳವೆಬಾವಿ ಕೊರೆದು ಕೈಪಂಪು ಕೂರಿಸುವ ಕೆಲಸ ಭರದಿಂದ ನಡೆಯಿತು.

ದಲಿತರಿಗೆ ಇದರಿಂದ ಆದ ಬದಲಾವಣೆ ಬೇರೆಯೇ. ಊರ ಬಾವಿಯ ಹತ್ತಿರ ಸುಳಿಯಲಾರದೆ ಯಾರಾದರೂ ನೀರು ಹಾಕಲಿ ಎಂದು ದೂರ ನಿಂತು ಕಾಯುತ್ತಿದ್ದವರಿಗೆ, ತಮ್ಮ ಕೇರಿಯಲ್ಲೇ ಒಂದು ಪಂಪು ಬಂದರೆ ಅದು ನೀರಿನ ಲೆಕ್ಕಕ್ಕಷ್ಟೇ ಮುಗಿಯುವ ಸಂಗತಿಯಲ್ಲ. (ಮುಂದಿನ ದಶಕಗಳಲ್ಲಿ ಮಿತಿಯಿಲ್ಲದೆ ಕೊರೆದು ಅಂತರ್ಜಲ ಬತ್ತಿದ್ದು, ಬಯಲುಸೀಮೆಯಲ್ಲಿ ಫ್ಲೋರೈಡ್ ನೀರು ಮೇಲೆ ಬಂದದ್ದು ಇನ್ನೊಂದು ಕಥೆ. ಅದರ ಹೊಣೆಯನ್ನು ಕುಡಿಯುವ ನೀರಿನ ಕೈಪಂಪಿನ ಮೇಲೆ ಹೊರಿಸುವುದು ನಮಗೆ ಸರಿ ಕಾಣುವುದಿಲ್ಲ.)

ಪಂಪು ಕೂರಿಸಿದ್ದಾಯಿತು. ಅದು ಕೆಟ್ಟರೆ? ವಾಷರ್ ಸವೆದರೆ ಯಾರಿಗೆ ಹೇಳಬೇಕು? ತಾಲ್ಲೂಕು ಕಚೇರಿಗೆ ಅಲೆದು, ಅಲ್ಲಿಂದ ಜಿಲ್ಲೆಗೆ ಕಾಗದ ಹೋಗಿ, ಅದು ಬೆಂಗಳೂರಿನ ಕಡತ ಸೇರುವ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ. ಅವರ ಎರಡನೆಯ ಕೆಲಸ ಅರ್ಥವಾಗುವುದು ಇಲ್ಲಿಂದ ನೋಡಿದಾಗ.

ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿಗಳ ಕಾಯ್ದೆಯನ್ನು ವಿಧಾನಮಂಡಲ ಒಪ್ಪಿದ್ದು 1983ರಲ್ಲಿ. ಜಿಲ್ಲೆ ಮತ್ತು ಮಂಡಲಕ್ಕೆ ಅಧಿಕಾರ ಕೊಡಬೇಕೆಂದು ಅಶೋಕ್ ಮೆಹ್ತಾ ಸಮಿತಿ 1978ರಲ್ಲೇ ಹೇಳಿದ್ದ ಮಾತು ಇದರ ಹಿಂದಿತ್ತು. ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾಯಬೇಕಾಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಅಲ್ಲಿಯವರೆಗೆ ಜಿಲ್ಲೆಯ ಅಭಿವೃದ್ಧಿ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಹೊಸ ವ್ಯವಸ್ಥೆಯಲ್ಲಿ ಜನರಿಂದ ಗೆದ್ದು ಬಂದ ಜಿಲ್ಲಾ ಪರಿಷತ್ ಅಧ್ಯಕ್ಷನಿಗೆ ರಾಜ್ಯ ಸಚಿವರ ಸ್ಥಾನಮಾನ. ಅವನ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಪಶುವೈದ್ಯ, ಕುಡಿಯುವ ನೀರು, ಊರ ರಸ್ತೆ, ಇವುಗಳ ನೌಕರರೂ ದುಡ್ಡೂ ಜಿಲ್ಲೆಗೆ ಬಂದವು. ಕೆಟ್ಟ ಪಂಪಿನ ದೂರು ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ಇದನ್ನು ಮೂರರಲ್ಲೊಂದು ಪಾಲಿಗೆ ಏರಿಸಿ ದೇಶಕ್ಕೆಲ್ಲ ತರುವುದಕ್ಕೆ ಇನ್ನೂ ಆರು ವರ್ಷ ಇತ್ತು. ಹೊಸ ವ್ಯವಸ್ಥೆಯನ್ನು ಪರಿಶೀಲಿಸಿದ ಕೆ.ಎಸ್. ಕೃಷ್ಣಸ್ವಾಮಿ ಸಮಿತಿ, ಹಳ್ಳಿಯ ನೌಕರರ ಹಾಜರಿ ಸುಧಾರಿಸಿದ್ದನ್ನು ಗುರುತಿಸಿತು. ಮೇಷ್ಟ್ರು ಬಂದಿದ್ದಾರೋ ಇಲ್ಲವೋ ಎಂದು ನೋಡುವವನು ಪಕ್ಕದ ಬೀದಿಯಲ್ಲೇ ಇದ್ದರೆ ಹಾಗಾಗುವುದು ಸಹಜ.

ಇದು ಶಾಸಕರಿಗೆ ಹಿಡಿಸಲಿಲ್ಲ. ವರ್ಗಾವಣೆ, ಗುತ್ತಿಗೆ, ಶಿಫಾರಸು ಎಲ್ಲವೂ ಇನ್ನೊಬ್ಬರ ಕೈಗೆ ಹೋಗುವಾಗ ಸ್ವಂತ ಪಕ್ಷದವರೇ ಗೊಣಗಿದರು. ಮಂತ್ರಿಯಾದವರು ಖಾತೆ ಹಿಗ್ಗಿಸಿಕೊಳ್ಳಲು ಗುದ್ದಾಡುವುದನ್ನು ನಾವು ದಿನಾ ನೋಡುತ್ತೇವೆ. ಇರುವುದನ್ನು ಕೆಳಗೆ ಹಂಚಲು ಗುದ್ದಾಡಿದ ಮಂತ್ರಿಯ ಉದಾಹರಣೆ ಹುಡುಕಿದರೆ ನಮಗೆ ಸಿಗುವವರು ಒಬ್ಬಿಬ್ಬರು. ಕಾಯ್ದೆಯಲ್ಲೂ ಕೊರತೆ ಇತ್ತು. ತಾಲ್ಲೂಕು ಮಟ್ಟಕ್ಕೆ ನೇರ ಚುನಾವಣೆ ಇರಲಿಲ್ಲ, ಆ ಸಮಿತಿಗೆ ಶಾಸಕನೇ ಅಧ್ಯಕ್ಷ. ಶಾಸಕರನ್ನು ಸಮಾಧಾನ ಮಾಡಲು ಬಿಟ್ಟ ಜಾಗ ಅದು ಎಂದು ನಮ್ಮ ಊಹೆ.

ನಜೀರ್ ಸಾಬ್ 1988ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷ ಹೆಗಡೆಯವರೂ ಟೆಲಿಫೋನ್ ಕದ್ದಾಲಿಕೆ ಆರೋಪದ ಮೇಲೆ ಅಧಿಕಾರ ಬಿಟ್ಟಿದ್ದರು. 1989ರಲ್ಲಿ ಕಾಂಗ್ರೆಸ್ ಮರಳಿತು. 1987ರಲ್ಲಿ ಗೆದ್ದವರ ಕಾಲ ಮುಗಿದ ಮೇಲೆ ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕೂತರು. 1993ರಲ್ಲಿ ಹೊಸ ಕಾಯ್ದೆ ಬಂದು ಮಂಡಲ ಹೋಗಿ ಗ್ರಾಮ ಪಂಚಾಯಿತಿಯಾಯಿತು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ನಜೀರ್ ಸಾಬರ ಹೆಸರಿಟ್ಟರು. ಗೆದ್ದು ಬಂದ ಸದಸ್ಯರಿಗೆ ಪಂಚಾಯಿತಿ ನಡೆಸುವ ಪಾಠ ಇಂದಿಗೂ ಅಲ್ಲಿಂದಲೇ.

ಆದರೆ ಜಿಲ್ಲಾ, ತಾಲ್ಲೂಕು ಮಟ್ಟದಿಂದ ಪಾಠಕ್ಕೆ ಬರುವವರು ಯಾರು? ಈ ಎರಡು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತಾ ವರ್ಷಗಳು ಕಳೆದವು, ಸರ್ಕಾರಗಳೂ ಬದಲಾದವು. ಜಿಲ್ಲಾ ಪಂಚಾಯಿತಿ ಕಚೇರಿಗೆ ಸುದ್ದಿಗೆಂದು ಹೋದರೆ ಅಧ್ಯಕ್ಷರ ಕೊಠಡಿಗೆ ಬೀಗ. ಮಾಹಿತಿ ಬೇಕಾದರೆ ಅಧಿಕಾರಿಗಳನ್ನೇ ಕೇಳಬೇಕು.