ಕಾಫಿ ಹೂಮಳೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡದ ತೋಟಗಳಲ್ಲಿ ಕಾಫಿ ಗಿಡವನ್ನು ಹೂಬಿಡಿಸುವ ಬೇಸಿಗೆಯ ಮೊದಲ ಹದಮಳೆಗೆ ಹೂಮಳೆ ಎಂದು ಹೆಸರು. ಫೆಬ್ರವರಿ–ಏಪ್ರಿಲ್ ಇದರ ಕಾಲ. ರೊಬಸ್ಟಾ ಮೊದಲು ಅರಳುತ್ತದೆ, ಅರೇಬಿಕಾ ಆಮೇಲೆ.

ಮೊಗ್ಗು ಹುಟ್ಟುವುದು ಮಾತ್ರ ಈ ಮಳೆಯಿಂದಲ್ಲ. ಮುಂಗಾರು ಹಿಂದೆ ಸರಿದು ಹಗಲು ಕುಗ್ಗತೊಡಗಿದಾಗಲೇ ಅಡ್ಡರೆಂಬೆಗಳ ಎಲೆಕಂಕುಳಲ್ಲಿ ಮೊಗ್ಗು ಮೂಡಿ, ಕೆಲವು ಮಿಲಿಮೀಟರು ಬೆಳೆದು ನಿಂತುಬಿಡುತ್ತದೆ. ಡಿಸೆಂಬರಿನಿಂದಾಚೆಯ ಒಣಹವೆಯೂ ಮಳೆಯಷ್ಟೇ ಮುಖ್ಯ. ನೆಲದ ತೇವ ಆರಿ ಗಿಡ ಬಾಯಾರದಿದ್ದರೆ, ಮುಂದೆ ಎಷ್ಟು ನೀರು ಬಿದ್ದರೂ ಮೊಗ್ಗುಗಳೆಲ್ಲ ಒಟ್ಟಿಗೆ ಏಳುವುದಿಲ್ಲ. ಸ್ಪಷ್ಟವಾದ ಒಣಗಾಲವಿಲ್ಲದ ಕೊಲಂಬಿಯಾದಲ್ಲಿ ಕಾಫಿ ಕಂತುಕಂತಾಗಿ ಹೂಬಿಡುವುದು, ವರ್ಷಕ್ಕೆ ಎರಡು ಕೊಯ್ಲು ಬರುವುದು ಇದರಿಂದಲೇ.

ಬಾಯಾರಿದ ಗಿಡಕ್ಕೆ ಸುಮಾರು 25 ಮಿ.ಮೀ., ಅಂದರೆ ಒಂದು ಇಂಚು ಮಳೆ ಬಿದ್ದರೆ ಎಂಟು–ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗಾಗುತ್ತದೆ. ನಸುಕಿನಲ್ಲಿ ಅರಳಿದ ಹೂವು ಎರಡು–ಮೂರು ದಿನದಲ್ಲಿ ಬಾಡುತ್ತದೆ. ಅರೆಬರೆ ಮಳೆಯೇ ಹೆಚ್ಚು ಅಪಾಯಕಾರಿ: ಎದ್ದ ಮೊಗ್ಗು ಅರಳಲಾರದೆ ಕಮರುತ್ತದೆ, ಇಲ್ಲವೇ ಹಸಿರು ಬಣ್ಣದ ಬಂಜೆ ‘ನಕ್ಷತ್ರ ಹೂ’ ಆಗುತ್ತದೆ. ಹೂವು ಅರಳಿದ ದಿನವೇ ಮಳೆ ಸುರಿದರೆ ಪರಾಗ ತೊಳೆದುಹೋಗುತ್ತದೆ.

ಎಲ್ಲ ಗಿಡಗಳೂ ಒಮ್ಮೆಗೇ ಅರಳಬೇಕಾದ ತುರ್ತು ರೊಬಸ್ಟಾಕ್ಕೇ ಹೆಚ್ಚು. 44 ವರ್ಣತಂತುಗಳ ಅರೇಬಿಕಾ ತನ್ನದೇ ಪರಾಗದಿಂದ ಕಾಯಿಕಟ್ಟಬಲ್ಲದು. 22 ವರ್ಣತಂತುಗಳ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ಗಾಳಿ, ಹೆಜ್ಜೇನು, ತುಡುವೆಜೇನು ತಲುಪಿಸುತ್ತವೆ.

ಹೂವಾದ ಎರಡು–ಮೂರು ವಾರಕ್ಕೆ ಮತ್ತೊಂದು ಮಳೆ ಬೇಕು. ಬೆಳೆಗಾರರು ಇದನ್ನು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಇದು ತಪ್ಪಿದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಅರೇಬಿಕಾ ಹಣ್ಣಾಗಲು ಎಂಟು–ಒಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು–ಹನ್ನೊಂದು ತಿಂಗಳು ಹಿಡಿಯುತ್ತದೆ.

ಕೆರೆ, ಹೊಳೆಯ ನೀರಿರುವವರು ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಯಿಸಿ ಹೂವಿನ ದಿನವನ್ನು ತಾವೇ ಗೊತ್ತುಮಾಡುತ್ತಾರೆ. ಆಕಾಶವನ್ನೇ ನಂಬಿದವರಿಗೆ ಆ ಅನುಕೂಲವಿಲ್ಲ. ಜನವರಿಯಲ್ಲೇ ಅಕಾಲ ಮಳೆಯಾದರೆ ಇನ್ನೂ ಹಣ್ಣು ಬಿಡಿಸದ ರೊಬಸ್ಟಾ ಗಿಡದಲ್ಲೇ ಹೂವೂ ಅರಳುತ್ತದೆ. ಆಗ ಕೈತಾಗಿ ಹೂವು ಉದುರದಂತೆ ಕೊಯ್ಲನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ.