ಕಪ್ಪಗಲ್ಲಿನ ಗುಡ್ಡದಲ್ಲಿ ಒಂದು ಸುತ್ತು

ಹೊಸಪೇಟೆಯಲ್ಲಿ ಮನೆ ಮಾಡಿದವರಿಗೆ, ಬಂದ ನೆಂಟರಿಗೆಲ್ಲ ಹಂಪೆಯನ್ನು ತೋರಿಸುವ ಹೊಣೆ ತಾನಾಗಿ ಬಂದು ಸೇರುತ್ತದೆ. ನಾನೂ ಅನೇಕ ವರ್ಷ ಆ ಹೊಣೆಯನ್ನು ಹೊತ್ತವನು. ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಮಹಾನವಮಿ ದಿಬ್ಬ, ಇವುಗಳ ಮುಂದೆ ನಿಂತು 1336 ಎನ್ನುವುದು, 1565 ಎನ್ನುವುದು. ಈ ಎರಡು ಇಸವಿಗಳ ನಡುವೆಯೇ ನಮ್ಮ ಸೀಮೆಯ ಇತಿಹಾಸವೆಲ್ಲ ಹುಟ್ಟಿ ಮುಗಿಯಿತು ಎಂಬಂತೆ ಮಾತನಾಡುವುದು. ಒಮ್ಮೆ ನನ್ನ ತಂಗಿಯ ಮಗ, ಆಗಿನ್ನೂ ಹೈಸ್ಕೂಲಿನಲ್ಲಿದ್ದ ಹುಡುಗ, "ಮಾವಾ, ಇವರಿಗಿಂತ ಮೊದಲು ಇಲ್ಲಿ ಯಾರಿದ್ದರು?" ಎಂದು ಕೇಳಿದ. ಕಂಪ್ಲಿಯ ಕಂಪಿಲರಾಯ, ಅವನ ಮಗ ಕುಮಾರರಾಮ ಎಂದೆ. "ಅವರಿಗಿಂತ ಮೊದಲು?" ಹೊಯ್ಸಳರು, ಚಾಲುಕ್ಯರು ಎಂದೆ. "ಅವರಿಗಿಂತಲೂ ಮೊದಲು?" ಆ ಪ್ರಶ್ನೆಗೆ ಉತ್ತರವಿಲ್ಲವೆಂದಲ್ಲ, ಕಲ್ಲಿನ ರಥದ ಮುಂದೆ ನಿಂತು ಹೇಳುವಂಥ ಉತ್ತರ ಅದಲ್ಲ. ಮರುದಿನ ನಸುಕಿನಲ್ಲಿಯೇ ಅವನನ್ನು ಬಳ್ಳಾರಿಯ ಮೊದಲ ಬಸ್ಸು ಹತ್ತಿಸಿದೆ. ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಗುಡ್ಡವನ್ನು ಸುತ್ತಿ, ಕುರುಗೋಡು ಕಂಪ್ಲಿಗಳ ಮೇಲೆ ಹಿಂದಿರುಗುವುದು ನನ್ನ ಎಣಿಕೆ. ಅಲ್ಲಿಗೆ ಹೋಗಲು ನನಗೆ ಇನ್ನೊಂದು ಕಾರಣವೂ ಇತ್ತು. ಆ ಗುಡ್ಡದ ಮೇಲೆ ನನ್ನದೊಂದು ತಪ್ಪು ಉಳಿದುಕೊಂಡಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬಸ್ಸು ತೋರಣಗಲ್ಲನ್ನು ಸಮೀಪಿಸುವಾಗ ಬಲಗಡೆ ಸಂಡೂರಿನ ಬೆಟ್ಟಸಾಲು ಕಾಣುತ್ತದೆ. ಅದು ಕಬ್ಬಿಣದ ಅದಿರಿನ ನೆಲ. ಮಣ್ಣೂ ಕೆಂಪು, ಧೂಳೂ ಕೆಂಪು. ಎಡಗಡೆಯ ಗುಡ್ಡಗಳ ಜಾತಿಯೇ ಬೇರೆ. ದೈತ್ಯರು ಒಟ್ಟಿ ಮರೆತು ಹೋದಂತಿರುವ ಬೋಳು ಗ್ರಾನೈಟ್ ಬಂಡೆಗಳು. ಈ ಎರಡು ಬಗೆಯ ಬೆಟ್ಟಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿ ಬರೆದಿಟ್ಟವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಕೊಡಲಿಯೊಂದನ್ನು ಎತ್ತಿಕೊಂಡು, ಭಾರತದ ಪ್ರಾಗಿತಿಹಾಸಕ್ಕೆ ಮೊದಲಿಟ್ಟವನೂ ಅವನೇ. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವನ ಗ್ರಂಥ ಅಚ್ಚಾದದ್ದು 1895ರಲ್ಲಿ.

ಇನ್ನೂ ಮುಂದೆ ಹೋದರೆ ಕುಡತಿನಿ. ಅಲ್ಲಿಯ ಬೂದಿದಿಬ್ಬದ ಹೆಸರನ್ನು ಪುರಾತತ್ವದ ಪುಸ್ತಕ ತೆರೆದವರೆಲ್ಲ ಬಲ್ಲರು. ರಾಕ್ಷಸರನ್ನು ಸುಟ್ಟ ಬೂದಿ ಎಂಬುದು ಹಳ್ಳಿಗರ ಹೇಳಿಕೆ. ಹಂಪೆಯ ಮಗ್ಗುಲಲ್ಲಿಯೇ, ನಿಂಬಾಪುರದ ಬಳಿ, ಇಂಥದೇ ಒಂದು ದಿಬ್ಬವಿದೆ. ಅದು ವಾಲಿಯನ್ನು ದಹಿಸಿದ ಜಾಗವೆಂದು ತೋರಿಸುತ್ತಾರೆ. 1843ರಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಈ ದಿಬ್ಬಗಳ ವಿಚಾರವಾಗಿ ಬರೆದ ಮೇಲೆ ಪಂಡಿತರು ತಲೆಗೊಂದು ಮಾತು ಆಡಿದರು. ಜ್ವಾಲಾಮುಖಿ ಎಂದರು, ಕಬ್ಬಿಣ ಕರಗಿಸಿದ ಕಿಟ್ಟ ಎಂದರು, ಮಹಾಬಲಿಯ ಅವಶೇಷ ಎಂದರು. ಫೂಟ್ ಮಾತ್ರ ಇದು ಸಗಣಿಯ ಬೂದಿ ಎಂದ. 1957ರಲ್ಲಿ ರೇಮಂಡ್ ಆಲ್ಚಿನ್ ತೆಲುಗು ಸೀಮೆಯ ಉತ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. 1960ರಲ್ಲಿ ಝಾಯ್ನರ್ ಎಂಬ ವಿದ್ವಾಂಸ ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಫೂಟನ ಮಾತನ್ನು ಸ್ಥಿರಪಡಿಸಿದ. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ತಲೆತಲಾಂತರ ಕೂಡಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟಿದ್ದರು. ಪಂಡಿತರು ನೂರು ವರ್ಷಕ್ಕೂ ಮಿಕ್ಕಿ ಜಗಳವಾಡಿದ್ದು ಸಗಣಿಗಾಗಿ ಎಂದು ಕೇಳಿ ಹುಡುಗ ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕ. ಆ ದನಗಾಹಿಗಳ ಕೈಬರಹವನ್ನು ನೋಡಲೆಂದೇ ನಾವು ಹೊರಟಿದ್ದೆವು.

ಕಪ್ಪಗಲ್ಲು, ಸಂಗನಕಲ್ಲು ಬಳ್ಳಾರಿ ನಗರದ ಈಶಾನ್ಯಕ್ಕೆ ಕೂಗಳತೆಯಲ್ಲಿರುವ ಊರುಗಳು. ಅವುಗಳ ನಡುವಣ ಗುಡ್ಡಗಳಲ್ಲಿ ದೊಡ್ಡದಕ್ಕೆ ಹಿರೇಗುಡ್ಡ ಎಂದೇ ಹೆಸರು. ಹತ್ತಲು ಕಷ್ಟವಿಲ್ಲ, ನೀರಿನ ಬಾಟಲಿ, ತಲೆಗೊಂದು ವಸ್ತ್ರ, ಬೆಳಗಿನ ಹೊತ್ತು, ಇಷ್ಟಿದ್ದರೆ ಮಕ್ಕಳೂ ಅರ್ಧ ದಿನದಲ್ಲಿ ಸುತ್ತಿ ಇಳಿಯಬಹುದು. ಮರುಭೂಮಿ ಎನ್ನುವಂತಿಲ್ಲ, ಆದರೆ ಬೇಸಗೆಯಲ್ಲಿ ಬಂದವರು ಬೇರೆ ಹೆಸರನ್ನೂ ಇಡಲಾರರು. ಜಾಲಿ, ಕಳ್ಳಿ, ಬಂಡೆ. ಗುಡ್ಡದ ಮೈ ಗ್ರಾನೈಟಿನದು. ಬಹು ಹಿಂದೆ ಆ ಗ್ರಾನೈಟಿನ ಬಿರುಕಿನಲ್ಲಿ ಕೆಳಗಿನ ಶಿಲಾರಸ ಉಕ್ಕಿ ಬಂದು ಗಟ್ಟಿಯಾಗಿ, ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಯೊಂದು ಗುಡ್ಡವನ್ನು ಸೀಳಿ ನಿಂತಿದೆ. ಇಂದು ಅದು ಒಡೆದು ಕರಿಯ ಗುಂಡುಗಳ ರಾಶಿಯಾಗಿದೆ. ಚಿತ್ರಗಳಿರುವುದು ಈ ರಾಶಿಯಲ್ಲಿ.

ಹಿರೇಬೆಣಕಲ್ಲಿನಲ್ಲಿ, ಆನೆಗೊಂದಿಯ ಬಳಿಯ ಒನಕೆ ಕಿಂಡಿಯಲ್ಲಿ ಕಾಣುವಂತೆ ಇವು ಜಾಜಿನಿಂದ ಬರೆದ ಕೆಂಪು ಚಿತ್ರಗಳಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಬಿಸಿಲು ಮಳೆಗೆ ಕಪ್ಪಾದ ಮೇಲ್ಪದರವನ್ನು ಕಿತ್ತು, ಒಳಗಿನ ತಿಳಿಬಣ್ಣವನ್ನು ಹೊರಗೆ ತಂದ ಕುಟ್ಟುಚಿತ್ರಗಳು. ಹೆಚ್ಚಿನವು ಎತ್ತು, ಗೂಳಿಗಳು. ಉದ್ದನೆಯ ಕೊಂಬು, ಎದ್ದ ಹಿಣಿಲು. ನಡುವೆ ಮನುಷ್ಯರು. ಕೆಲವು ಗಂಡಸರ ಆಕೃತಿಗಳನ್ನು ಆ ಕಾಲದವರು ಯಾವ ಸಂಕೋಚವೂ ಇಲ್ಲದೆ ಬಿಡಿಸಿದ್ದಾರೆ. ಹುಡುಗನನ್ನು ಅವುಗಳ ಮುಂದೆ ನಾನು ಸ್ವಲ್ಪ ಬೇಗ ನಡೆಸಿದೆನೆಂದು ಒಪ್ಪಿಕೊಳ್ಳಬೇಕು. ಕೆಲವು ಚಿತ್ರಗಳಂತೂ ಕೈಗೆ ಎಟುಕದ ಮುಂಚಾಚಿನ ಮೇಲಿವೆ. ಬರೆದವನು ತೂಗಾಡುತ್ತ ಕುಟ್ಟಿರಬೇಕು.

ಇವುಗಳ ಸಂಗತಿ ಮೊದಲು ಅಚ್ಚಾದದ್ದು 1892ರಲ್ಲಿ, ಪೊಲೀಸ್ ಅಧಿಕಾರಿಯಾಗಿದ್ದ ಫಾಸೆಟ್ ಬರೆದ ಲೇಖನದಲ್ಲಿ. ಕೇರಳದ ಎಡಕಲ್ಲು ಗುಹೆಯನ್ನು ಲೋಕಕ್ಕೆ ತಿಳಿಸಿದವನೂ ಅವನೇ. ಮುಂದೆ ಆ ಮೊದಲ ಛಾಯಾಚಿತ್ರಗಳು ಕಾಣೆಯಾದವು. ಚಿತ್ರಗಳನ್ನು ಹುಡುಕಿ ಬಂದ ಕೆಲವರು ಗುಡ್ಡ ಸುತ್ತಿ ಬರಿಗೈಯಲ್ಲಿ ಹಿಂದಿರುಗಿದ್ದೂ ಉಂಟು. 1951ರಲ್ಲಿ ಗಾರ್ಡನ್ ಮತ್ತೆ ಅವುಗಳನ್ನು ಕುರಿತು ಬರೆದ. ಸಂಗನಕಲ್ಲಿನಲ್ಲಿ 1946ರಲ್ಲಿ ಬಿ. ಸುಬ್ಬರಾವ್, 1960ರ ದಶಕದಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಅನಂತರ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಯವರ ಕೆಲಸದಿಂದ ಕಾಲದ ಲೆಕ್ಕ ಖಚಿತವಾಯಿತು: ಕ್ರಿ.ಪೂ. ಸುಮಾರು 2000ದಿಂದ 1200ರ ವರೆಗೆ ಇಲ್ಲಿ ಜನ ಬಾಳಿದರು. ಸುಟ್ಟ ಕಾಳುಗಳನ್ನು ಸೋಸಿ ನೋಡಿದಾಗ ಅವರು ಉಂಡದ್ದು ಕೊರಲೆ, ಹುರುಳಿ, ಹೆಸರು ಎಂದು ತಿಳಿಯಿತು. ಹುರುಳಿಯ ಸಾರು ನಮ್ಮ ಸೀಮೆಯಲ್ಲಿ ಎಷ್ಟು ಹಳೆಯದೆಂದು ಅಡುಗೆಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಈಗ ನನ್ನ ತಪ್ಪಿನ ಮಾತು. ಕಾಳುಗಳ ಈ ಶೋಧ ನಡೆಯುವುದಕ್ಕೆ ಮೊದಲು, ಹೊಸದಾಗಿ ಮೇಷ್ಟರಾಗಿದ್ದಾಗ, ವಿದ್ಯಾರ್ಥಿಗಳೊಡನೆ ಇದೇ ಗುಡ್ಡಕ್ಕೆ ಬಂದಿದ್ದೆ. ನಡುಹಗಲು, ನೆತ್ತಿಯ ಬಿಸಿಲಿನಲ್ಲಿ ಕುಟ್ಟುಚಿತ್ರಗಳು ಮಸುಕಾಗಿ, ಕ್ಯಾಮೆರಾಕ್ಕೆ ಏನೂ ದಕ್ಕುತ್ತಿರಲಿಲ್ಲ. ಜೇಬಿನಲ್ಲಿ ಸೀಮೆಸುಣ್ಣವಿತ್ತು. ಒಂದು ಬಂಡೆಯ ಮೇಲಿನ ಎತ್ತಿಗೆ ಸುತ್ತಲೂ ಗೆರೆ ಎಳೆದೆ. ಕೊಂಬಿನ ಹಿಂದೆ ಅಡ್ಡಲಾಗಿ ಒಂದು ಪಟ್ಟಿ ಕಂಡಿತು; ಅದನ್ನೂ ತೀಡಿದೆ. ನೊಗ! ಛಾಯಾಚಿತ್ರ ಬಹಳ ಸ್ಫುಟವಾಗಿ ಬಂತು. ಬಳ್ಳಾರಿಯ ಶಿಲಾಯುಗದವರು ನೇಗಿಲು ಹೂಡುತ್ತಿದ್ದರೆಂದು ಅದರ ಆಧಾರದ ಮೇಲೆ ಲೇಖನ ಬರೆದೆ. ಅದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಚಿತ್ರದೊಡನೆ ಅಚ್ಚಾಯಿತು. ಓದಿದವರು ಮೆಚ್ಚಿದರು. ಹಲವು ವರ್ಷ ಹುಡುಗರಿಗೆ ಅದನ್ನೇ ಪಾಠ ಹೇಳಿದೆ.

ಆ ಬೆಳಿಗ್ಗೆ ಸೋದರಳಿಯನೊಡನೆ ಅದೇ ಬಂಡೆಯ ಮುಂದೆ ನಿಂತಾಗ ಸೂರ್ಯ ಇನ್ನೂ ಓರೆಯಾಗಿದ್ದ. ಸುಣ್ಣ ಎಂದೋ ತೊಳೆದುಹೋಗಿತ್ತು. ಓರೆ ಬಿಸಿಲಿನಲ್ಲಿ ಕುಟ್ಟಿದ ಒಂದೊಂದು ಚುಕ್ಕೆಯೂ ಎದ್ದು ಕಾಣುತ್ತಿತ್ತು. ಹುಡುಗ ಸ್ವಲ್ಪ ಹೊತ್ತು ನೋಡಿ, "ಮಾವಾ, ಇದು ಒಂದು ಎತ್ತಲ್ಲ, ಎರಡು. ಒಂದರ ಮೇಲೊಂದು ಬರೆದಿದ್ದಾರೆ" ಎಂದ. ನಿಜ. ಕೆಳಗಿನದು ಕಾಲಕ್ರಮದಲ್ಲಿ ಮತ್ತೆ ಬಂಡೆಯಷ್ಟೇ ಕಪ್ಪಾಗಿತ್ತು. ಮೇಲಿನದು ಇನ್ನೂ ತಿಳಿಯಾಗಿತ್ತು. ಎರಡನ್ನೂ ಒಬ್ಬನೇ ಬರೆದಿರಲಾರ. ನಡುವೆ ಬಹುಕಾಲ ಸಂದಿರಬೇಕು. ನಾನು ನೊಗವೆಂದದ್ದು ಹಳೆಯ ಎತ್ತಿನ ಬೆನ್ನು. ಅವನಿಗೆ ನನ್ನ ಲೇಖನದ ವಿಚಾರ ಗೊತ್ತಿರಲಿಲ್ಲ. ಅಲ್ಲಿಯೇ ಹೇಳಿಬಿಟ್ಟೆ. ಅವನು ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ವೃದ್ಧರೊಬ್ಬರು ನಮ್ಮನ್ನು ನೋಡಿ ನಿಂತರು. "ತಾತಾ, ಈ ಚಿತ್ರ ಯಾರು ಬರೆದದ್ದು?" ಎಂದು ಹುಡುಗ ಕೇಳಿದ. "ನಮಗೇನು ಗೊತ್ತಪ್ಪಾ? ನಮ್ಮ ತಾತನ ಕಾಲದಾಗೂ ಹಿಂಗೇ ಇದ್ವು. ನೋಡೋದು ಹಂಗಿರಲಿ, ಕೇಳೀಯೇನು?" ಎನ್ನುತ್ತ ಒಂದು ಚಿಕ್ಕ ಕಲ್ಲನ್ನು ಎತ್ತಿ, ಬಟ್ಟಲಿನಂತೆ ಗುಳಿಬಿದ್ದ ಬಂಡೆಯೊಂದನ್ನು ಮೆಲ್ಲಗೆ ತಟ್ಟಿದರು. ಗುಡಿಯ ಜಾಗಟೆಯ ಹಾಗೆ ಅದು ನುಡಿಯಿತು. ಪಕ್ಕದ ಗುಳಿಯಿಂದ ಬೇರೆ ಸ್ವರ. ಕೆಲವೇ ಕಡೆ ಊರಿಕೊಂಡು ಉಳಿದಂತೆ ಬಿಡುವಾಗಿ ನಿಂತ, ನುಣುಪು ಕಣದ, ಬಿಗಿಯಾದ ಕಲ್ಲಾದ್ದರಿಂದ ಅದಕ್ಕೆ ಕಂಪಿಸಲು ಎಡೆಯುಂಟು. ನಿಕೋಲ್ ಬ್ವಾವೆನ್ ಎಂಬ ವಿದುಷಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ನುಡಿಗಲ್ಲುಗಳನ್ನು ವಿವರಿಸಿ, ಚಿತ್ರ ಬರೆದವರಿಗೆ ಕಲ್ಲಿನ ಸದ್ದೂ ಮುಖ್ಯವಾಗಿತ್ತೆಂದು ವಾದಿಸಿದ್ದಾರೆ. ನಾನು ಅದನ್ನು ಓದಿದ್ದೆ, ಕೇಳಿದ್ದು ಅಂದೇ. ವಿದ್ಯಾರ್ಥಿಗಳೊಡನೆ ಬಂದ ದಿನ ಈ ಬಂಡೆಗಳ ನಡುವೆ ಇಡೀ ದಿನ ಕಳೆದೂ ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ. ಬರೆಯಲು ಬಂದವನು ಸುಣ್ಣವನ್ನು ಹಿಡಿದಿದ್ದೆ, ಇನ್ನೇನು.

ಕರಿಕಲ್ಲಿನ ಉಪಯೋಗ ಅಲ್ಲಿಗೆ ಮುಗಿಯಲಿಲ್ಲ. ಹಿರೇಗುಡ್ಡದ ಮೇಲೆ ಇದೇ ಕಲ್ಲನ್ನು ಒಡೆದು ಕೊಡಲಿ ಮಾಡುವ ಕಾರ್ಖಾನೆಯೇ ಇತ್ತು. ಕಾಲಿಟ್ಟಲ್ಲೆಲ್ಲ ಚಕ್ಕೆಗಳು, ಪಕ್ಕದ ಗ್ರಾನೈಟಿನಲ್ಲಿ ಕೊಡಲಿ ಮಸೆದು ಸವೆದ ನುಣ್ಣನೆಯ ಕಾಲುವೆಗಳು. ಹುಡುಗ ಅಂಗೈಯನ್ನು ಒಂದು ಕಾಲುವೆಯಲ್ಲಿಟ್ಟು ಹಿಂದೆ ಮುಂದೆ ಜಾರಿಸಿದ. ನಮ್ಮ ಕಾಲದವರೂ ಈ ಗುಡ್ಡಗಳನ್ನು ಬಿಟ್ಟಿಲ್ಲ. ಜಲ್ಲಿಗೆಂದು, ಚಪ್ಪಡಿಗೆಂದು ನಡೆದ ಕಲ್ಲುಗಣಿಗಾರಿಕೆಯಲ್ಲಿ ಎಷ್ಟೋ ಬಂಡೆಗಳು ಸಿಡಿದು ಹೋದವು. ಹಂಪೆಗೆ 1986ರಲ್ಲಿಯೇ ವಿಶ್ವಪರಂಪರೆಯ ಪಟ್ಟ ದೊರೆಯಿತು. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಕಪ್ಪಗಲ್ಲಿನ ಹೆಸರನ್ನು ಹೊಸಪೇಟೆಯಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ನಿಮ್ಮ ಮುಖ ನೋಡುತ್ತಾರೆ. ಒಡೆದ ಗೋಪುರವನ್ನು ಮತ್ತೆ ಕಟ್ಟುವವರಿದ್ದಾರೆ. ಒಡೆದ ನುಡಿಗಲ್ಲಿಗೆ ಯಾರೂ ಸ್ವರ ಕೂಡಿಸಲಾರರು.

ಬಿಸಿಲು ಏರುವ ಮೊದಲು ಗುಡ್ಡದ ಇನ್ನೊಂದು ಮಗ್ಗುಲಿನಿಂದ ಇಳಿದೆವು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಹೋಗಿ, ಆ ಭಾರಿ ಏಕಶಿಲಾ ನಂದಿಯ ಮುಂದೆ ಕೈಮುಗಿದೆವು. ಬೆಳಿಗ್ಗೆ ಕಂಡ ಎತ್ತುಗಳಿಗೂ ಈ ಬಸವನಿಗೂ ನಂಟು ಕಲ್ಪಿಸುವ ಆಸೆ ನಾಲಿಗೆಯ ತುದಿಗೆ ಬಂತು. ಸುಮ್ಮನಾದೆ, ಒಂದು ದಿನಕ್ಕೆ ಒಂದು ನೊಗ ಸಾಕು. ಕಂಪ್ಲಿಯ ದಾರಿಯಲ್ಲಿ ಕಾಲುವೆಯ ನೀರು ಕಂಡ ಗದ್ದೆಗಳ ಹಸಿರಿಗೆ ಕಣ್ಣು ತಂಪಾಯಿತು. ಹುಡುಗ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

ಮನೆಗೆ ಬಂದ ರಾತ್ರಿ ಬೀರುವಿನಿಂದ ಆ ಹಳೆಯ ಛಾಯಾಚಿತ್ರವನ್ನು ತೆಗೆದೆ. ಈಗಲೂ ಅದು ಬಹಳ ಸ್ಫುಟವಾಗಿದೆ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ, "ಎತ್ತುಗಳು ಎರಡು, ನೊಗ ನಾನು ಬರೆದದ್ದು" ಎಂದು ಬರೆದು, ಕೆಳಗೆ ತಾರೀಖು ಹಾಕಿದೆ.