ಕಾಳಿಯ ಬಿಳಿನೀರು ಮತ್ತು ತೇಲುಡುಪಿನ ಕಥೆ

ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ರಾಫ್ಟ್ ಏರುವ ಮುನ್ನ ಪ್ರವಾಸಿಗರಿಗೆ ಮೂರು ಸಾಮಾನುಗಳನ್ನು ಕೊಡುತ್ತಾರೆ: ಹುಟ್ಟು, ಹೆಲ್ಮೆಟ್ ಮತ್ತು ಲೈಫ್ ಜಾಕೆಟ್. ಹುಟ್ಟು ಕೈಗೆ ಬಂದ ಕೂಡಲೇ ಫೋಟೋ ತೆಗೆಸಿಕೊಳ್ಳುವ ಉತ್ಸಾಹ. ಜಾಕೆಟ್ಟನ್ನು ಮಾತ್ರ ಬಣ್ಣ ನೋಡಿ ಆರಿಸಿಕೊಳ್ಳುವವರೇ ಹೆಚ್ಚು. ಸೆಖೆಯೆಂದು ಪಟ್ಟಿಗಳನ್ನು ಸಡಿಲ ಬಿಡುವವರೂ ಇದ್ದಾರೆ. ಆದರೆ ಮೂರರಲ್ಲಿ ಅತಿ ಹೆಚ್ಚು ಚರಿತ್ರೆ ಅಡಗಿರುವುದು ಈ ಜಾಕೆಟ್ಟಿನಲ್ಲೇ.

ಮೊದಲು ನದಿಯ ವಿಷಯ. ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಗಣೇಶಗುಡಿಯ ಬಳಿ ಇದಕ್ಕೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. 1987ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿತು. ಅಣೆಕಟ್ಟಿನ ಬುಡದ ವಿದ್ಯುದಾಗಾರದಿಂದ ಹೊರಬೀಳುವ ನೀರು ಬಂಡೆಗಳ ನಡುವೆ ನುಗ್ಗಿ ಕೆಳಗಿನ ಬೊಮ್ಮನಹಳ್ಳಿ ಜಲಾಶಯವನ್ನು ಸೇರುತ್ತದೆ. ‘ದಾಂಡೇಲಿ ರಾಫ್ಟಿಂಗ್’ ಎಂದು ಹೆಸರಾಗಿರುವುದು ಇದೇ ಹರಿವು. ಪಶ್ಚಿಮ ಘಟ್ಟದ ಅನೇಕ ಹೊಳೆಗಳು ಬೇಸಿಗೆಯಲ್ಲಿ ಬಡಕಲಾಗುವಾಗ ಇಲ್ಲಿ ಮಾತ್ರ ಬಿಳಿನೊರೆ ಕಾಣುವುದಕ್ಕೆ ಕಾರಣ ಮಳೆಯಲ್ಲ, ಟರ್ಬೈನ್! ವಿದ್ಯುತ್ ಬೇಡಿಕೆ ಏರಿದರೆ ನೀರು ಏರುತ್ತದೆ, ಇಳಿದರೆ ಇಳಿಯುತ್ತದೆ. ಬೆಳಿಗ್ಗೆ ನೋಡಿದ ನದಿ ಮಧ್ಯಾಹ್ನಕ್ಕೆ ಅದೇ ನದಿಯಾಗಿರಬೇಕಿಲ್ಲ.

ತೇಲುವ ವಸ್ತುವೊಂದನ್ನು ಮೈಗೆ ಕಟ್ಟಿಕೊಂಡು ನೀರಿಗಿಳಿಯುವುದು ನಮ್ಮವರಿಗೆ ಹೊಸತಲ್ಲ. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿಕೊಂಡು ಕೆರೆ, ಬಾವಿಗಳಲ್ಲಿ ಈಜು ಕಲಿತ ಹಿರಿಯರು ಇಂದಿಗೂ ಸಿಗುತ್ತಾರೆ. ಈಚೆಗೆ ಆ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನು ಬಂದಿದೆ. ಮೂರರಲ್ಲಿಯೂ ತತ್ತ್ವ ಒಂದೇ: ಕಡಿಮೆ ತೂಕ, ಹೆಚ್ಚು ಗಾತ್ರ. ಸ್ಥಳಾಂತರಗೊಂಡ ನೀರಿನ ತೂಕದಷ್ಟೇ ಮೇಲ್ಮುಖ ಬಲ ಸಿಗುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಸೋರೆಬುರುಡೆ ಕಟ್ಟಿದವರು ಓದಿರಲಿಲ್ಲ, ಅಷ್ಟೆ.

ಇದನ್ನು ಉಡುಪಾಗಿ ರೂಪಿಸಿದ ಶ್ರೇಯಸ್ಸಿನ ದೊಡ್ಡ ಪಾಲು ಇಂಗ್ಲೆಂಡಿನ ಜೀವರಕ್ಷಕ ದೋಣಿ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ ಅವರದು. 1854ರಲ್ಲಿ ಅವರು ಬೆಂಡಿನ ಸಣ್ಣ ಸಣ್ಣ ಹಲಗೆಗಳನ್ನು ಕ್ಯಾನ್ವಾಸ್ ಬಟ್ಟೆಗೆ ಹೊಲಿಸಿ ಒಂದು ಅಂಗಿ ಮಾಡಿಸಿದರು. ಈ ಬೆಂಡು ಪೋರ್ಚುಗಲ್, ಸ್ಪೇನ್ ಕಡೆಯ ಒಂದು ಜಾತಿಯ ಓಕ್ ಮರದ ತೊಗಟೆ. ಇದರ ಸಾಂದ್ರತೆ ನೀರಿನ ಸುಮಾರು ಕಾಲುಭಾಗ. ಅಂಗಿ ದಪ್ಪ, ಒಡ್ಡೊಡ್ಡು. ಹುಟ್ಟು ಹಾಕಲು ಅಡ್ಡಿ ಎಂದು ನಾವಿಕರು ಗೊಣಗಿದರು. 1861ರ ಫೆಬ್ರವರಿ 9ರಂದು ವಿಟ್ಬಿ ಬಂದರಿನಲ್ಲಿ ಭಾರಿ ಬಿರುಗಾಳಿ. ಒಂದಾದ ಮೇಲೊಂದು ಹಡಗುಗಳಿಂದ ಜನರನ್ನು ಉಳಿಸುತ್ತಿದ್ದ ದೋಣಿಯೇ ಕೊನೆಗೆ ಮಗುಚಿತು. ಅದರಲ್ಲಿದ್ದ 13 ಮಂದಿಯಲ್ಲಿ 12 ಮಂದಿ ತೀರಿಕೊಂಡರು. ಬದುಕುಳಿದ ಹೆನ್ರಿ ಫ್ರೀಮನ್ ಒಬ್ಬನೇ ಆ ಹೊಸ ಬೆಂಡಿನ ಅಂಗಿಯನ್ನು ತೊಟ್ಟಿದ್ದನು. ಆಮೇಲೆ ಗೊಣಗಾಟ ಕಡಿಮೆಯಾಯಿತೆಂದು ಬೇರೆ ಹೇಳಬೇಕಿಲ್ಲ.

ಆದರೆ ಅಂಗಿ ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ ಎಂಬುದನ್ನು 1904ರ ಜೂನ್ 15ರಂದು ನ್ಯೂಯಾರ್ಕಿನ ‘ಜನರಲ್ ಸ್ಲೋಕಮ್’ ಹಡಗಿನ ದುರಂತ ತೋರಿಸಿತು. ಬೆಂಕಿ ಹೊತ್ತಿಕೊಂಡ ಹಡಗಿನಲ್ಲಿ ಜಾಕೆಟ್ಟುಗಳು ಬೇಕಾದಷ್ಟಿದ್ದವು. ಹಳೆಯದಾಗಿ ಒಳಗಿನ ಬೆಂಡು ಪುಡಿಯಾಗಿತ್ತು. ಮಕ್ಕಳಿಗೆ ಜಾಕೆಟ್ ತೊಡಿಸಿ ನೀರಿಗೆ ಬಿಟ್ಟ ತಾಯಂದಿರು ಅವರು ಮುಳುಗುವುದನ್ನು ಕಾಣಬೇಕಾಯಿತು. ಸತ್ತವರು ಸಾವಿರಕ್ಕೂ ಹೆಚ್ಚು. ಮುಂದಿನ ತನಿಖೆಯಲ್ಲಿ ಇನ್ನೂ ಘೋರವಾದ ಸಂಗತಿ ಹೊರಬಿತ್ತು. ಒಂದು ಜಾಕೆಟ್ಟಿನಲ್ಲಿ 6 ಪೌಂಡ್ ಬೆಂಡು ಇರಬೇಕೆಂಬುದು ನಿಯಮ. ತೂಕ ಸರಿದೂಗಿಸಲು ಬೆಂಡಿನ ತುಂಡುಗಳೊಳಗೆ ಕಬ್ಬಿಣದ ಸರಳುಗಳನ್ನು ತುರುಕಲಾಗಿತ್ತು! ತೇಲಬೇಕಾದ ವಸ್ತುವನ್ನು ತೂಕದಿಂದ ಅಳೆದರೆ ಆಗುವ ಅನಾಹುತಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಇಂದಿನ ಜಾಕೆಟ್ಟಿನ ಚೀಟಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಅದರ ತೂಕವನ್ನಲ್ಲ, ನೀರಿನಲ್ಲಿ ಅದು ಕೊಡುವ ಮೇಲ್ಮುಖ ಬಲವನ್ನು. ಅದು ನ್ಯೂಟನ್‌ಗಳಲ್ಲಿ ನಮೂದಾಗಿರುತ್ತದೆ.

ಅದೇ 1904ರಲ್ಲಿ ಇಂಗ್ಲೆಂಡಿನ ಆ ಸಂಸ್ಥೆ ಬೆಂಡನ್ನು ಬಿಟ್ಟು ‘ಕಪೋಕ್’ಗೆ ತಿರುಗಿತು. ಕಪೋಕ್ ಎಂದರೆ ಬಿಳಿ ಬೂರುಗದ ಹತ್ತಿ. ಇದರ ಹತ್ತಿರದ ನೆಂಟನಾದ ಕೆಂಪು ಬೂರುಗ ನಮ್ಮ ಘಟ್ಟದ ಕಾಡುಗಳಲ್ಲಿ ಎಲೆಯುದುರಿಸಿ ಕೆಂಪಾಗಿ ಹೂ ಬಿಡುವುದನ್ನು ನೀವು ನೋಡಿರಬಹುದು. ಕಪೋಕಿನ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಹೀಗಾಗಿ ಬೆಂಡಿಗಿಂತ ಹಗುರ, ಮೆದು. ಆದರೆ ಎಣ್ಣೆ ತಗಲಿದರೆ, ಬಹಳ ಕಾಲ ಅಮುಕಿದರೆ ಟೊಳ್ಳು ಮುಚ್ಚಿಹೋಗಿ ಶಕ್ತಿ ಕುಂದುತ್ತದೆ. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಫೋಮ್ ಇದರ ಸ್ಥಾನವನ್ನು ಆಕ್ರಮಿಸಿತು. ಸ್ನಾನದ ಸ್ಪಂಜಿನ ರಂಧ್ರಗಳು ಒಂದಕ್ಕೊಂದು ತೆರೆದಿರುವುದರಿಂದ ಅದು ನೀರು ಹೀರುತ್ತದೆ. ಈ ಫೋಮಿನಲ್ಲಿ ಪ್ರತಿ ಗುಳ್ಳೆಯೂ ಪ್ರತ್ಯೇಕವಾಗಿ ಮುಚ್ಚಿದ ಕೋಣೆ. ಒಂದೆಡೆ ಹರಿದರೂ ಉಳಿದದ್ದು ತೇಲುತ್ತದೆ.

ಈಗ ಕಾಳಿಗೆ ಮರಳೋಣ. ಮುಂಡಗೋಡದ ಅತ್ತಿವೇರಿ ಜಲಾಶಯದಂಥ ನಿಂತ ನೀರಿಗೂ ಗಣೇಶಗುಡಿಯ ನೊರೆನೀರಿಗೂ ಒಂದೇ ಜಾಕೆಟ್ ಸಾಲದೇ? ಲೆಕ್ಕ ಹಾಕಿ ನೋಡೋಣ. 60 ಕಿ.ಗ್ರಾಂ. ತೂಕದ ವ್ಯಕ್ತಿಯ ದೇಹದ ಗಾತ್ರ ಸುಮಾರು 60 ಲೀಟರ್ ಎಂದುಕೊಳ್ಳಿ. ಜಾಕೆಟ್ಟಿನ ಗಾತ್ರ 7.5 ಲೀಟರ್, ತೂಕ ಅರ್ಧ ಕಿ.ಗ್ರಾಂ. ಇರಲಿ. ನಿಂತ ನೀರಿನಲ್ಲಿ 7 ಕಿ.ಗ್ರಾಂ., ಅಂದರೆ ಸುಮಾರು 70 ನ್ಯೂಟನ್ ಹೆಚ್ಚುವರಿ ಬಲ. ತಲೆಯನ್ನು ಮೇಲಿಡಲು ಧಾರಾಳವಾಯಿತು. ಬಿಳಿನೀರು ಬಿಳಿಯಾಗಿರುವುದು ಅದರಲ್ಲಿ ಗಾಳಿಯ ಗುಳ್ಳೆಗಳು ಬೆರೆತಿರುವುದರಿಂದ. ನೂರಕ್ಕೆ 10 ಭಾಗ ಗಾಳಿ ಇದ್ದರೆ ಒಂದು ಲೀಟರ್ ‘ನೀರಿನ’ ತೂಕ ಸುಮಾರು 900 ಗ್ರಾಂ. ಮಾತ್ರ. ಆಗ 67.5 ಲೀಟರಿಗೆ ಸಿಗುವ ಆಸರೆ 60.75 ಕಿ.ಗ್ರಾಂ.; ಹೊರಬೇಕಾದದ್ದು 60.5. ಉಳಿದದ್ದು ಕಾಲು ಕಿಲೋ! 100 ನ್ಯೂಟನ್ ಬಲದ, 11 ಲೀಟರ್ ಗಾತ್ರದ ಜಾಕೆಟ್ ತೊಟ್ಟಿದ್ದರೆ ಅದೇ ನೀರಿನಲ್ಲಿ 3 ಕಿಲೋ ಉಳಿಯುತ್ತಿತ್ತು. ಗಾಳಿ 20 ಭಾಗವಾದರೆ ಎರಡೂ ಸೋಲುತ್ತವೆ; ಹರಿವು ಆ ವ್ಯಕ್ತಿಯನ್ನು ನೊರೆಯಿಂದ ಆಚೆಗೆ ಒಯ್ಯುವವರೆಗೆ ಉಸಿರು ಬಿಗಿಹಿಡಿದಿರಬೇಕಾಗುತ್ತದೆ. ರಾಫ್ಟಿಂಗ್ ಜಾಕೆಟ್ ಕೆರೆದೋಣಿಯ ಜಾಕೆಟ್ಟಿಗಿಂತ ದಪ್ಪವಾಗಿರುವುದು ಅಂದಕ್ಕಲ್ಲ.

ರಾಫ್ಟಿನ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಬಾಗುವ, ಬಂಡೆಗೆ ಬಡಿದರೂ ಒಡೆಯದ ದೋಣಿ ಎಂಬ ಕಲ್ಪನೆ ನಮ್ಮ ಹರಿಗೋಲಿನಲ್ಲಿಯೇ ಇದೆ. ಚರ್ಮ ಹೊದಿಸಿದ ಬುಟ್ಟಿಯಂಥ ದುಂಡು ದೋಣಿಗಳನ್ನು ತುಂಗಭದ್ರೆಯಲ್ಲಿ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಸ್ 16ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ ಮೇಲೆ ಗಾಳಿ ತುಂಬುವ ದೋಣಿಗೆ ದಾರಿಯಾಯಿತು. ಮಹಾಯುದ್ಧ ಮುಗಿದು ಅಗ್ಗಕ್ಕೆ ಮಾರಾಟವಾದ ಸೇನೆಯ ರಬ್ಬರ್ ದೋಣಿಗಳೇ ಅಮೆರಿಕದ ಕೊಲರಾಡೊ ನದಿಯಲ್ಲಿ ಈ ಕ್ರೀಡೆಯನ್ನು ಬೆಳೆಸಿದವು. 1950ರ ದಶಕದಲ್ಲಿ ಬಂದ ಹೈಪಲಾನ್ ಎಂಬ ಕೃತಕ ರಬ್ಬರ್ ಬಿಸಿಲಿಗೂ ಉಜ್ಜಾಟಕ್ಕೂ ಜಗ್ಗಲಿಲ್ಲ. 1980ರ ದಶಕದವರೆಗೂ ಒಳಗೆ ನುಗ್ಗಿದ ನೀರನ್ನು ಬಕೆಟ್ಟಿನಿಂದ ಹೊರಚೆಲ್ಲಬೇಕಿತ್ತು. ಅರ್ಧ ಘನ ಮೀಟರ್ ನೀರು ತುಂಬಿದರೆ ಅರ್ಧ ಟನ್ ಭಾರ. ಗಾಳಿ ತುಂಬಿದ ತಳವನ್ನು ಹಗ್ಗದಿಂದ ಬಿಗಿದು, ಅಂಚಿನ ಕಂಡಿಗಳಿಂದ ನೀರು ತಾನೇ ಹರಿದುಹೋಗುವಂತೆ ಮಾಡಿದ್ದು ಆ ಬಳಿಕದ ಸುಧಾರಣೆ.

ಸಾಧನ ಎಷ್ಟೇ ಸುಧಾರಿಸಿದರೂ ಅದರ ಮಿತಿ ಮಿತಿಯೇ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಮಿತಿ ಮೀರಿ ಜನರನ್ನು ಹೇರಿಕೊಂಡ ರಾಫ್ಟ್ ಒಂದು ಅಪಾಯಕ್ಕೆ ಸಿಲುಕಿತ್ತು. ಅದೃಷ್ಟವಶಾತ್ ಪ್ರವಾಸಿಗರು ಪಾರಾದರು.

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ದೋಣಿ ಏರುವ ಮುನ್ನ ಐದು ನಿಮಿಷ ಮೀಸಲಿಟ್ಟರೆ ಸಾಕು. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಜಾಕೆಟ್ಟಿನ ಭುಜಗಳನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗಲ್ಲ ದಾಟಿ ಬಂದರೆ ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗುಳಿಯುತ್ತದೆ. ಚಿಕ್ಕ ಅಳತೆಯದನ್ನು ಕೇಳಿ. ಫೋಮನ್ನು ಬೆರಳಿನಿಂದ ಅದುಮಿ. ಗಟ್ಟಿಯಾಗಿ ಕುಗ್ಗಿದ್ದರೆ, ಬಟ್ಟೆ ಬಿಸಿಲಿಗೆ ಮಾಸಿ ಹರಿಯುವಂತಿದ್ದರೆ, ಕೊಂಡಿ ಮುರಿದಿದ್ದರೆ ಬದಲಾಯಿಸಿಕೊಳ್ಳಿ. ಜಾಕೆಟ್ಟಿನ ಮೇಲೆ ಕುಳಿತು ಬುತ್ತಿ ಬಿಚ್ಚುವ ಅಭ್ಯಾಸವೂ ಫೋಮಿನ ಆಯಸ್ಸನ್ನು ಕಡಿಮೆ ಮಾಡುತ್ತದೆ.

ಹೊರಡುವ ಹಿಂದಿನ ದಿನ ತರಗತಿಯಲ್ಲೊಂದು ಪ್ರಯೋಗ ಮಾಡಬಹುದು. ಎತ್ತರದ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ. ಸಣ್ಣ ಔಷಧದ ಸೀಸೆಯೊಳಗೆ ಮರಳು ಹಾಕುತ್ತ ಹೋಗಿ, ಅದರ ಮುಚ್ಚಳ ಮಾತ್ರ ನೀರಿನ ಮೇಲೆ ಕಾಣುವಂತೆ ತೇಲಿಬಿಡಿ. ಮೀನು ಸಾಕುವ ತೊಟ್ಟಿಗೆ ಬಳಸುವ ಗಾಳಿಯ ಪಂಪಿನಿಂದ ತಳದ ತುಂಬ ಸಣ್ಣ ಗುಳ್ಳೆಗಳನ್ನು ಹಾಯಿಸಿ. ನೀರು ಬೆಳ್ಳಗಾಗುತ್ತಿದ್ದಂತೆ ಸೀಸೆ ಮುಳುಗುತ್ತದೆ. ಪಂಪನ್ನು ನಿಲ್ಲಿಸಿ, ಗುಳ್ಳೆಗಳು ಹೋದ ಮೇಲೆ ಸೀಸೆ ತಾನಾಗಿಯೇ ಮೇಲೇಳುತ್ತದೆ.